ಜೀವಿತಾವಧಿ 54 ಅಂದರೆ 54ಕ್ಕೇ ಸಾಯುತ್ತಾರೆ ಅಂತಲ್ಲ

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕ್ಯಾಲ್ಟನ್ ಅಂತ ಒಂದು ಬಡಾವಣೆ ಇದೆ. ಅಲ್ಲಿನ ಗಂಡಸರ ಜೀವಿತಾವಧಿ 54 ವರ್ಷ ಇತ್ತು. ಅಲ್ಲಿಂದ ಹದಿನೈದು ಕಿಲೋಮೀಟರೂ ಇಲ್ಲದ ಲೆನ್ಜಿಯಲ್ಲಿ 82. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ್ದ, ಮೈಕೆಲ್ ಮಾರ್ಮಟ್ ಅಧ್ಯಕ್ಷರಾಗಿದ್ದ ಆಯೋಗ 2008ರಲ್ಲಿ ಕೊಟ್ಟ ವರದಿಯ ಲೆಕ್ಕ ಇದು. ಅದೇ ಪಟ್ಟಿಯಲ್ಲಿ ಭಾರತದ ಗಂಡಸರ ಸಂಖ್ಯೆ 62. ಬ್ರಿಟನ್ನಿನ ಒಂದು ಊರಿನೊಳಗಿನ ಬಡಾವಣೆ ಇಡೀ ಭಾರತಕ್ಕಿಂತ ಎಂಟು ವರ್ಷ ಹಿಂದೆ! ಇಂಥ ಸಂಖ್ಯೆ ಸುದ್ದಿಯಾಗದೆ ಇರುತ್ತದಾ?

ಹಾಗಾದರೆ ಆಗ ಕ್ಯಾಲ್ಟನ್ನಿನಲ್ಲಿ 50 ತುಂಬಿದವನಿಗೆ ಉಳಿದಿದ್ದು ನಾಲ್ಕೇ ವರ್ಷವಾ? ಖಂಡಿತ ಅಲ್ಲ.

ತೊಂದರೆ ಶುರುವಾಗುವುದು ಪದದಿಂದಲೇ. ಸರಿಯಾದ ಪದ 'ನಿರೀಕ್ಷಿತ ಜೀವಿತಾವಧಿ'. ಪತ್ರಿಕೆಯವರು ಜಾಗ ಉಳಿಸೋಕೆ 'ನಿರೀಕ್ಷಿತ' ತೆಗೆದು 'ಜೀವಿತಾವಧಿ' ಅಂತಾರೆ, ನಾವು ಮಾತಲ್ಲಿ ಅದನ್ನೂ ಬಿಟ್ಟು 'ಆಯಸ್ಸು' ಅಂತೀವಿ. ಆಯಸ್ಸು ಅಂದ ಕೂಡಲೇ ಹಣೆಬರಹ ನೆನಪಾಗುತ್ತದೆ, 'ಅವನ ಆಯಸ್ಸು ಗಟ್ಟಿ ಇತ್ತು' ಅನ್ನೋ ಮಾತು ನೆನಪಾಗುತ್ತದೆ. ಈ ಲೆಕ್ಕಕ್ಕೂ ಹಣೆಬರಹಕ್ಕೂ ಸಂಬಂಧವೇ ಇಲ್ಲ. ಯಾರೋ ಒಬ್ಬ ವ್ಯಕ್ತಿಯ ಬಗ್ಗೆ ಇದು ಏನೂ ಹೇಳೋದಿಲ್ಲ. ಒಂದು ಜಾಗದ ಬಗ್ಗೆ, ಒಂದು ಕಾಲದ ಬಗ್ಗೆ ಹೇಳುತ್ತದೆ, ಅಷ್ಟೇ.

ಲೆಕ್ಕ ಹೀಗೆ. ಒಂದು ಊರಲ್ಲಿ ಈ ವರ್ಷ ಯಾವ್ಯಾವ ವಯಸ್ಸಿನವರಲ್ಲಿ ಸಾವಿರಕ್ಕೆ ಎಷ್ಟು ಜನ ಸತ್ತರು ಅಂತ ನೋಡುತ್ತಾರೆ. ಆಮೇಲೆ ಸುಮ್ನೆ ಕಾಗದದ ಮೇಲೆ ಒಂದು ಲಕ್ಷ ಮಕ್ಕಳನ್ನು ಹುಟ್ಟಿಸುತ್ತಾರೆ. ಆ ಮಕ್ಕಳು ಮೊದಲ ವರ್ಷ ದಾಟುವಾಗ ಈ ವರ್ಷದ ಹಸುಗೂಸುಗಳ ಸಾವಿನ ದರ, ನಲವತ್ತು ದಾಟುವಾಗ ಈ ವರ್ಷದ ನಲವತ್ತರವರ ದರ, ಎಂಬತ್ತಾದಾಗ ಈ ವರ್ಷದ ಎಂಬತ್ತರವರ ದರ, ಹೀಗೆ ಕೊನೆಯ ಮಗು ಸಾಯುವವರೆಗೂ ಕೂಡಿಸುತ್ತಾ ಹೋಗಿ, ಅವರೆಲ್ಲ ಬದುಕಿದ ವರ್ಷಗಳನ್ನು ಲಕ್ಷದಿಂದ ಭಾಗಿಸಿದರೆ ಬರುವುದೇ ಈ ಸಂಖ್ಯೆ. ನಿಜವಾದ ಮಗು ಯಾವುದೂ ಹೀಗೆ ಬದುಕೋದಿಲ್ಲ, ಅದಕ್ಕೆ ನಲವತ್ತಾಗುವಷ್ಟರಲ್ಲಿ ಔಷಧಿ, ಊಟ, ಕೆಲಸ ಎಲ್ಲ ಬದಲಾಗಿರುತ್ತವೆ. 2020ರಲ್ಲಿ ಕೋವಿಡ್‌ನಿಂದ ಬ್ರಿಟನ್ನಿನ ಜೀವಿತಾವಧಿ ಸುಮಾರು ಒಂದು ವರ್ಷ ಇಳಿಯಿತು. ಆ ವರ್ಷ ಹುಟ್ಟಿದ ಮಕ್ಕಳು ಒಂದು ವರ್ಷ ಮೊದಲೇ ಹೋಗುತ್ತಾರೆ ಅಂತ ಅದರ ಅರ್ಥ ಅಲ್ಲ.

ಇನ್ನೊಂದು ಗೊಂದಲ. 'ಸತ್ತವರ ಸರಾಸರಿ ವಯಸ್ಸು' ಬೇರೆ, ಇದು ಬೇರೆ. ನಿವೃತ್ತರೇ ತುಂಬಿರುವ ಊರಲ್ಲಿ ಸತ್ತವರ ಸರಾಸರಿ ವಯಸ್ಸು ತಾನಾಗಿಯೇ ಜಾಸ್ತಿ ಬರುತ್ತದೆ, ಸಾಯೋಕೆ ಅಲ್ಲಿ ಚಿಕ್ಕವರು ಇರಬೇಕಲ್ಲ! ಒಂದೊಂದು ವಯಸ್ಸಿನ ದರ ಬೇರೆಬೇರೆಯಾಗಿ ಹಿಡಿಯುವುದು ಅದಕ್ಕೇ. ಬಾಲ್ಯದ, ನಡುವಯಸ್ಸಿನ ಸಾವುಗಳು ಸರಾಸರಿಯನ್ನು ತುಂಬ ಎಳೆಯುತ್ತವೆ, ಅವನ್ನು ದಾಟಿದವರ ಕಥೆಯೇ ಬೇರೆ. ಬ್ರಿಟನ್ನಿನಲ್ಲಿ 65 ಮುಟ್ಟಿದ ಗಂಡಸಿಗೆ ಸರಾಸರಿ ಇನ್ನೂ ಸುಮಾರು 18 ವರ್ಷ ಇರುತ್ತದೆ.

ಒಂದೇ ದೇಶದೊಳಗೆ ಇಷ್ಟು ಅಂತರ ಹೊಸದೇನಲ್ಲ. 1841ರ ಸಾವುಗಳನ್ನು ಇಟ್ಟುಕೊಂಡು ವಿಲಿಯಂ ಫಾರ್ ಅನ್ನೋ ಅಂಕಿಅಂಶ ತಜ್ಞ ಲೆಕ್ಕ ಹಾಕಿದಾಗ ಹಳ್ಳಿಗಾಡಿನ ಸರ‍್ರೆಯಲ್ಲಿ 45, ಲಂಡನ್ನಿನಲ್ಲಿ 37, ಬಂದರು ಊರು ಲಿವರ್‌ಪೂಲ್‌ನಲ್ಲಿ ಬರೀ 26 ಬಂದಿತ್ತು. ಕೊಳಕು ನೀರು, ಕತ್ತಲೆಯ ನೆಲಮಾಳಿಗೆ ಮನೆಗಳು, ಸಾಯುವ ಕೂಸುಗಳು. ಆಗಿನ ಕಾರಣ ಕಣ್ಣಿಗೇ ಕಾಣುತ್ತಿತ್ತು.

ಈಗಿನದು ಅಷ್ಟು ಸುಲಭ ಇಲ್ಲ. ಗ್ಲಾಸ್ಗೋ ಮಟ್ಟಿಗೆ ಎಲ್ಲರೂ ಮೊದಲು ಬೈದಿದ್ದು ಕುಡಿತ, ಸಿಗರೇಟು, ಎಣ್ಣೆಯಲ್ಲಿ ಕರಿದ ಚಾಕೊಲೇಟನ್ನು. ಕ್ಲೈಡ್ ನದಿಯ ದಂಡೆಯ ಹಡಗುಕಟ್ಟೆಗಳು ಮುಚ್ಚಿ ಕೆಲಸ ಹೋಯಿತು ಅಂತಲೂ ಹೇಳಿದರು. ಸುಳ್ಳಲ್ಲ. ಆದರೆ ಲಿವರ್‌ಪೂಲ್, ಮ್ಯಾಂಚೆಸ್ಟರ್‌ಗಳಲ್ಲೂ ಕಾರ್ಖಾನೆ ಮುಚ್ಚಿವೆ, ಬಡತನವೂ ಹೆಚ್ಚುಕಡಿಮೆ ಅಷ್ಟೇ. ಆದರೂ 2010ರಲ್ಲಿ ಮೂರೂ ಊರು ಹೋಲಿಸಿದಾಗ, ಗ್ಲಾಸ್ಗೋದಲ್ಲಿ 65ಕ್ಕೆ ಮುಂಚಿನ ಸಾವುಗಳು ಸುಮಾರು ಶೇ. 30ರಷ್ಟು ಜಾಸ್ತಿ ಇದ್ದವು. ಬಡತನದ ಲೆಕ್ಕಕ್ಕೆ ಸಿಗದ ಈ ಹೆಚ್ಚುವರಿಗೇ 'ಗ್ಲಾಸ್ಗೋ ಪರಿಣಾಮ' ಅನ್ನೋ ಹೆಸರು. ನನಗೆ ಈ ಹೆಸರು ಇಷ್ಟವಿಲ್ಲ, ಊರಿನ ಗಾಳಿಯಲ್ಲೇ ಏನೋ ದೋಷ ಇದ್ದ ಹಾಗೆ ಕೇಳಿಸುತ್ತದೆ. 2016ರ ಇನ್ನೊಂದು ವರದಿ ಬೊಟ್ಟು ಮಾಡಿದ್ದು ಗಾಳಿಯ ಕಡೆಗಲ್ಲ, ಯುದ್ಧಾನಂತರದ ಸರ್ಕಾರಿ ತೀರ್ಮಾನಗಳ ಕಡೆಗೆ. ಈಸ್ಟ್ ಕಿಲ್‌ಬ್ರೈಡ್, ಕಂಬರ್‌ನಾಲ್ಡ್‌ನಂಥ ಹೊಸ ಊರು ಕಟ್ಟಿ, ಕಸುಬು ಗೊತ್ತಿದ್ದ ಯುವ ಸಂಸಾರಗಳನ್ನೂ ಕೆಲಸಗಳನ್ನೂ ಅಲ್ಲಿಗೆ ಸಾಗಿಸಿದರು. ವಯಸ್ಸಾದವರು, ಬಡವರು ಗ್ಲಾಸ್ಗೋದಲ್ಲೇ ಉಳಿದರು, ಅವರಲ್ಲಿ ಎಷ್ಟೋ ಜನ ಊರಂಚಿನ ಎತ್ತರದ ಕಟ್ಟಡಗಳಲ್ಲಿ.

ಅಂದರೆ ಯಾರು ಎಲ್ಲಿಂದ ಎದ್ದು ಎಲ್ಲಿಗೆ ಹೋದರು ಅನ್ನುವುದೂ ಈ ಸಂಖ್ಯೆಯೊಳಗೆ ಇರುತ್ತದೆ. ಕ್ಯಾಲ್ಟನ್ನಿನ 54ರ ಗುಟ್ಟೂ ಸ್ವಲ್ಪ ಮಟ್ಟಿಗೆ ಇದೇ. ಆಗ ಅಲ್ಲಿ ಮನೆಯಿಲ್ಲದ ಗಂಡಸರ ಹಾಸ್ಟೆಲುಗಳಿದ್ದವು. ಕುಡಿತ, ಡ್ರಗ್ಸ್, ಕಾಯಿಲೆಗಳಿಂದ ಹಣ್ಣಾದವರು ಎಲ್ಲೆಲ್ಲಿಂದಲೋ ಬಂದು ಅಲ್ಲಿ ಸೇರಿದ್ದರು, ಅವರ ಸಾವೆಲ್ಲ ಆ ಪುಟ್ಟ ಬಡಾವಣೆಯ ಖಾತೆಗೆ ಬಿತ್ತು. ಹಾಗಂತ ಕ್ಯಾಲ್ಟನ್ ಬಡ ಜಾಗ ಅಲ್ಲ ಅಂತಲ್ಲ. ಆದರೆ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದವನ ಆಯಸ್ಸು ಅದರಿಂದ 54 ಆಗೋದಿಲ್ಲ ಅಲ್ವಾ?

ಇಂಗ್ಲೆಂಡಿನ ಬ್ಲಾಕ್‌ಪೂಲ್‌ನದೂ ಅದೇ ಥರ. ಗಂಡಸರ ಜೀವಿತಾವಧಿ ಅಲ್ಲಿ ಸುಮಾರು 73–74, ಲಂಡನ್ನಿಗೆ ಹತ್ತಿರದ ಅನುಕೂಲಸ್ಥರ ಹಾರ್ಟ್‌ನಲ್ಲಿ 83ರ ಆಸುಪಾಸು. ಒಂದು ಕಾಲದಲ್ಲಿ ಗಿರಣಿ ಕೆಲಸಗಾರರು ರಜೆಗೆ ಬರುತ್ತಿದ್ದ ಕಡಲ ತೀರ ಇದು. ಜನ ವಿಮಾನ ಹತ್ತಿ ಸ್ಪೇನಿನ ಬಿಸಿಲಿಗೆ ಹೋಗೋಕೆ ಶುರುಮಾಡಿದ ಮೇಲೆ ಇಲ್ಲಿನ ಲಾಡ್ಜುಗಳು ಅಗ್ಗದ ಬಾಡಿಗೆ ಕೋಣೆಗಳಾದವು. ಬೇರೆ ಊರುಗಳಲ್ಲಿ ಬಾಡಿಗೆ ಕಟ್ಟಲಾಗದವರು, ಮೊದಲೇ ಆರೋಗ್ಯ ಕೆಟ್ಟವರು ಆ ಕೋಣೆಗಳಿಗೆ ಬಂದು ಸೇರುತ್ತಾರೆ. ಓದಿದ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಬೇರೆ ಕಡೆ ಹೋಗುತ್ತಾರೆ, ಆಮೇಲೆ ಅವರು ಬದುಕುವ ಎಂಬತ್ತು ತೊಂಬತ್ತು ವರ್ಷ ಇನ್ಯಾವುದೋ ಊರಿನ ಲೆಕ್ಕಕ್ಕೆ ಸೇರುತ್ತದೆ.