ನ್ಯಾರೋಬೋಟಿನ ಒಳಗೆ ಹಳೇ ಮರ: ಕಲಿಯುವವರಿಗೊಂದು ಟಿಪ್ಪಣಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟ್ ಎಂಬ ಉದ್ದನೆಯ, ಕಿರಿದಾದ ದೋಣಿಯ ಅಗಲ ಸಾಮಾನ್ಯವಾಗಿ 6 ಅಡಿ 10 ಇಂಚು. ಇದು ಯಾರೋ ಇಷ್ಟಪಟ್ಟು ಆರಿಸಿಕೊಂಡ ಅಳತೆ ಅಲ್ಲ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ಸುಮಾರು 7 ಅಡಿ ಅಗಲದ ಲಾಕ್‌ಗಳನ್ನು ಯೋಜಿಸಿದ. ಲಾಕ್ ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ, ಎರಡೂ ತುದಿಗೆ ಗೇಟು ಇರುವ ತೊಟ್ಟಿ. ಆ ಕಾಲುವೆ 1777ರಲ್ಲಿ ಮುಗಿಯಿತು. ಸುತ್ತಲಿನ ಎಷ್ಟೋ ಕಾಲುವೆಗಳು ಅದೇ ಅಳತೆ ಹಿಡಿದವು. ಇವತ್ತಿನ ದೋಣಿಯೂ ಅದೇ ಲಾಕ್‌ಗಳಲ್ಲಿ ತೂರಿ ಹೋಗಬೇಕು.

ಹಾಗಾಗಿ ಒಳಗೆ ಮರಗೆಲಸ ಮಾಡುವವರಿಗೆ ಅಗಲದ ವಿಷಯದಲ್ಲಿ ಆಯ್ಕೆಯೇ ಇಲ್ಲ. ಗೋಡೆಯ ಹಲಗೆ ಒಂದಿಂಚು ದಪ್ಪ ಇದ್ದರೆ ಎರಡೂ ಕಡೆ ಸೇರಿ ಎರಡಿಂಚು ಹೋಯ್ತು. ಹಳೇ ಮರವೋ, ಸಾಮಾನ್ಯವಾಗಿ ದಪ್ಪವಾಗಿಯೇ ಸಿಗುತ್ತದೆ. ಈ ವಿಷಯ ಓದುತ್ತಾ ಹೋದ ಹಾಗೆ ನನಗೆ ಒಂದು ಮಾತು ಗಟ್ಟಿಯಾಯಿತು. ಮರ ನೋಡೋಕೆ ಚೆನ್ನಾಗಿದೆಯಾ ಅನ್ನೋದು ಕೊನೆಯ ಪ್ರಶ್ನೆ. ಇಲ್ಲಿಗೆ ಬರುವ ಮುಂಚೆ ಅದು ಎಲ್ಲಿತ್ತು, ಏನು ಕೆಲಸ ಮಾಡುತ್ತಿತ್ತು ಅನ್ನೋದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ದೋಣಿಯಲ್ಲಿ ಅದರ ಜಾಗ ಯಾವುದು, ಅಥವಾ ಜಾಗ ಇದೆಯೋ ಇಲ್ಲವೋ ಅನ್ನೋದು ಬಹುಮಟ್ಟಿಗೆ ತಿಳಿಯುತ್ತದೆ.

ಸರಕು ಸಾಗಿಸುತ್ತಿದ್ದ ಕಾಲದ ದೋಣಿಗಳಲ್ಲಿ ಇಡೀ ಸಂಸಾರ ಹಿಂಬದಿಯ ಸುಮಾರು 10 ಅಡಿ ಉದ್ದದ ಕ್ಯಾಬಿನ್ನಿನಲ್ಲಿ ಬದುಕುತ್ತಿತ್ತು. ಬೀರುವಿನ ಬಾಗಿಲು ಕೆಳಗಿಳಿಸಿದರೆ ಮೇಜು, ಇನ್ನೊಂದನ್ನು ಇಳಿಸಿದರೆ ಅಡ್ಡಕ್ಕೆ ಹಾಸಿಗೆ. ಗೋಡೆಗೆ ಅಗ್ಗದ ಪೈನ್ ಹಲಗೆ. ಅದಕ್ಕೆ ಬಣ್ಣ ಬಳಿದು, ಹಸಿ ಇರುವಾಗಲೇ ಬಾಚಣಿಗೆಯಿಂದ ಗೀರಿ ಓಕ್ ಮರದ ಎಳೆಗಳನ್ನು ಮೂಡಿಸುತ್ತಿದ್ದರು. ಎಲ್ಸ್ಮಿಯರ್ ಪೋರ್ಟ್‌ನ ರಾಷ್ಟ್ರೀಯ ಜಲಮಾರ್ಗ ವಸ್ತುಸಂಗ್ರಹಾಲಯದಲ್ಲಿ ಹಳೇ ದೋಣಿಗಳಿವೆ. ಅವಕಾಶ ಸಿಕ್ಕವರು ನೋಡಿ. ಒಂದೊಂದು ಇಂಚನ್ನೂ ಹೇಗೆ ದುಡಿಸಿಕೊಳ್ಳಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಹಲಗೆಯ ಹಿಂದೆ ಏನಿದೆ

ಈಗಿನ ದೋಣಿಗಳು ಉಕ್ಕಿನವು. ತಳ 10 ಮಿ.ಮೀ., ಪಕ್ಕಗಳು 6, ಕ್ಯಾಬಿನ್ನು 4 ಅನ್ನೋದು ಸಾಮಾನ್ಯ ಲೆಕ್ಕ. ಉಕ್ಕಿನ ಪಕ್ಕೆಲುಬುಗಳಿಗೆ ಮರದ ರೀಪು ಕಟ್ಟಿ, ಮಧ್ಯದಲ್ಲೆಲ್ಲ ಫೋಮ್ ಸಿಂಪಡಿಸುತ್ತಾರೆ. ಅದು ಉಬ್ಬಿ ಗಟ್ಟಿಯಾದ ಮೇಲೆ ರೀಪಿನ ಮಟ್ಟಕ್ಕೆ ಕತ್ತರಿಸಿ, ಆ ರೀಪಿಗೆ ಹಲಗೆ ಹೊಡೆಯುತ್ತಾರೆ.

ಫೋಮ್ ಯಾಕೆ ಬೇಕು? ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿ, ಒಳಗೆ ಒಲೆ ಉರಿಯುತ್ತಿರುತ್ತದೆ. ಅಡುಗೆ, ಸ್ನಾನ, ಒದ್ದೆ ಬಟ್ಟೆ, ನಮ್ಮ ಉಸಿರು, ಎಲ್ಲದರ ಹಬೆಯೂ ತಣ್ಣಗಿನ ಉಕ್ಕು ಸಿಕ್ಕಿದ ಕಡೆ ನೀರಾಗುತ್ತದೆ. ಫೋಮ್ ಬಿಟ್ಟುಹೋದ ಒಂದು ಅಂಗೈಯಗಲ ಜಾಗ ಸಾಕು, ಅದರ ಮೇಲಿನ ಹಲಗೆಯ ಬೆನ್ನಿಗೆ ಬೂಷ್ಟು ಹಿಡಿಯೋಕೆ. ಹೊರಗಿಂದ ಹಲಗೆ ಚೆನ್ನಾಗೇ ಕಾಣುತ್ತಿರುತ್ತದೆ. ಹಾಗಾಗಿ ಹಲಗೆ ಮುಟ್ಟುವ ಮುಂಚೆ ಟಾರ್ಚ್ ಹಿಡಿದು ಫೋಮನ್ನು ಪೂರ್ತಿ ನೋಡಿ. ಫೋಮ್ ಬದಲು ಪಾಲಿಸ್ಟೈರೀನ್ (ಥರ್ಮೋಕೋಲ್) ಹಾಳೆ ಇದ್ದರೆ ಇನ್ನೊಂದು ಎಚ್ಚರಿಕೆ: ಪಿವಿಸಿ ಹೊದಿಕೆಯ ವೈರು ಅದಕ್ಕೆ ತಾಗಿಕೊಂಡಿದ್ದರೆ ಹೊದಿಕೆಯ ಮೆದುತನ ಹೋಗಿ ಪೆಡಸಾಗುತ್ತದೆ. ವೈರನ್ನು ಕೊಳವೆಯಲ್ಲಿ ಎಳೆಯಬೇಕು.

ಮರ ಎಲ್ಲಿಂದ ಬಂತು

ಬ್ರಿಟನ್ನಿನಲ್ಲಿ ಹಳೇ ಮರ ಮಾರುವ ಅಂಗಡಿಗಳು ಬೇಕಾದಷ್ಟಿವೆ. 1998ರಲ್ಲಿ ಬ್ರೈಟನ್‌ನಲ್ಲಿ ಶುರುವಾದ ಮರ ಮರುಬಳಕೆ ಯೋಜನೆ ಬೇರೆ ಊರುಗಳಲ್ಲೂ ಅಂಥವು ಹುಟ್ಟೋಕೆ ದಾರಿಯಾಯಿತು. ಕಟ್ಟಡದ ಕೆಲಸ ನಡೆಯುವ ಕಡೆಯಿಂದ ಮರ ತಂದು, ಬಳಸಬಹುದಾದ್ದನ್ನು ವಿಂಗಡಿಸಿ ಮಾರುತ್ತಾರೆ.

ಅತಿ ಸುಲಭವಾಗಿ ಸಿಗೋದು ಸಾರುವೆ ಹಲಗೆ, ಅಂದರೆ ಕಟ್ಟಡದ ಕೆಲಸದವರು ನಿಲ್ಲುವ ಅಟ್ಟಣೆಯ ಹಲಗೆ. 225 ಮಿ.ಮೀ. ಅಗಲ, 38 ಮಿ.ಮೀ. ದಪ್ಪ, 3.9 ಮೀಟರ್ ಉದ್ದ. ಹತ್ತಿರದಿಂದ ನೋಡಿ: ಎರಡೂ ತುದಿಗೆ ತಗಡಿನ ಪಟ್ಟಿ, ಮೈಯೆಲ್ಲ ಬೂದು ಬಣ್ಣ, ಅಲ್ಲಲ್ಲಿ ಸಿಮೆಂಟಿನ ಹನಿ. ಸಿಮೆಂಟನ್ನು ಹಳೇ ಉಳಿಯಿಂದ ಎಬ್ಬಿಸಿ ತೆಗೆಯಬೇಕು. ಇಲ್ಲದಿದ್ದರೆ ಮರದ ಮೈ ಹೆರೆದು ನಯ ಮಾಡುವ ಪ್ಲೇನರ್ ಯಂತ್ರದ ಅಲಗಿನ ಗತಿ ಮುಗಿಯಿತು. ತಗಡಿನ ಪಟ್ಟಿಯನ್ನು ತುದಿಯ ಸಮೇತ ಗರಗಸದಲ್ಲಿ ಕತ್ತರಿಸಿ ಬಿಸಾಡಿ, ಆ ತುದಿಗಳು ಹೇಗೂ ಸೀಳಿರುತ್ತವೆ. ಲೋಹ ಪತ್ತೆ ಮಾಡುವ ಪುಟ್ಟ ಸಾಧನವನ್ನು ಉದ್ದಕ್ಕೂ ಆಡಿಸಿ. ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣೋದಿಲ್ಲ. ಇಷ್ಟೆಲ್ಲ ಆದಮೇಲೆ ಯಂತ್ರಕ್ಕೆ ಕೊಟ್ಟರೆ, ಎರಡನೇ ಸಲಕ್ಕೆ ಬೂದು ಹೋಗಿ ಜೇನಿನ ಬಣ್ಣ ಹೊರಗೆ ಬರುತ್ತದೆ. ಮೊಳೆಯ ತೂತಿನ ಸುತ್ತ ಕಪ್ಪು ಕಲೆ ಮಾತ್ರ ಉಳಿಯುತ್ತದೆ. ಅದನ್ನು ಮುಚ್ಚಬೇಡಿ ಅನ್ನೋದು ನನ್ನ ಅಭಿಪ್ರಾಯ. ಆ ಮರ ದುಡಿದ ಗುರುತು ಅದು.

ಪ್ಯಾಲೆಟ್, ಅಂದರೆ ಸರಕು ಪೇರಿಸಿ ಸಾಗಿಸುವ ಮರದ ಅಟ್ಟೆ. ಅದರ ಮರ ಕೆಲವೊಮ್ಮೆ ಪುಕ್ಕಟೆಯಾಗಿ ಸಿಗುತ್ತದೆ. ಅದರ ಮೇಲಿನ ಮುದ್ರೆ ಓದೋಕೆ ಕಲಿಯಿರಿ. ‘ಎಚ್‌ಟಿ’ ಅಂತ ಇದ್ದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂದರ್ಥ, ಬಳಸಬಹುದು. ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹೊಡೆದದ್ದು, ಅದನ್ನು ಮಲಗುವ ಕೋಣೆಯ ಗೋಡೆಗೆ ತರಬೇಡಿ. ಮುದ್ರೆ ಸರಿ ಇದ್ದರೂ ಮೇಲೆ ಏನಾದರೂ ಚೆಲ್ಲಿದ ಕಲೆ ಕಂಡರೆ ಬಿಟ್ಟುಬಿಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಳೇ ಶಾಲೆಗಳ ಪ್ರಯೋಗಾಲಯದ ಮೇಜಿನ ಹಲಗೆ. ಬಹುಪಾಲು ಆಫ್ರಿಕಾದ ಇರೋಕೋ ಮರ, ಅಪರೂಪಕ್ಕೆ ತೇಗ. ಒಂದು ಕಡೆ ಗ್ಯಾಸಿನ ನಲ್ಲಿಯನ್ನು ಕೂರಿಸಿದ್ದ ದುಂಡನೆ ತೂತು, ಅಂಚಿನಲ್ಲಿ ಕೈವಾರದ ಮೊನೆಯಿಂದ ಕೊರೆದ ಹೆಸರುಗಳು. ತಿರುವಿ ಹಾಕಿದರೆ ಕೆಳಗೆ ಕಲ್ಲಾಗಿ ಹೋದ ಚ್ಯೂಯಿಂಗ್ ಗಮ್ಮಿನ ಸಾಲು. ಈ ಮರದಲ್ಲೇ ಎಣ್ಣೆಯಂಶ ಇರುವುದರಿಂದ ನೀರಿಗೆ ಹೆದರೋದಿಲ್ಲ. ಕಿಟಕಿಯ ಸುತ್ತಲಿನ ಪಟ್ಟಿಗೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ, ಯಾಕೆಂದರೆ ಗಾಜಿನ ಮೇಲೆ ಕಟ್ಟಿದ ನೀರು ಇಳಿಯೋದು ಅಲ್ಲಿಗೇ. ಓಕ್ ಹಾಕಿದರೆ ಅದೇ ಜಾಗ ಬೇಗ ಕಪ್ಪಾಗುತ್ತದೆ. ಆದರೆ ಆ ಮೇಜುಗಳ ಮೇಲೆ ಎಷ್ಟು ವರ್ಷ ಏನೇನು ರಾಸಾಯನಿಕ ಚೆಲ್ಲಿದೆಯೋ ಹೇಳೋಕಾಗೋದಿಲ್ಲ. ಮೆಟ್ಟಿಲಿಗೆ, ಕಪಾಟಿಗೆ, ಕಿಟಕಿಗೆ ಸರಿ, ತರಕಾರಿ ಹೆಚ್ಚುವ ಜಾಗಕ್ಕೆ ನಾನಂತೂ ಬೇಡ ಅಂತೀನಿ. ಇರೋಕೋ ಪುಡಿ ಮೂಗು, ಗಂಟಲು, ಚರ್ಮಕ್ಕೆ ಕೆರೆತ ತರುತ್ತದೆ. ಕೊಯ್ಯುವಾಗ ಮಾಸ್ಕ್ ಇರಲೇಬೇಕು.

ಬೇಡವೇ ಬೇಡ ಅನ್ನುವಂಥವೂ ಇವೆ. ರೈಲು ಹಳಿಯ ಕೆಳಗಿನ ಸ್ಲೀಪರಿಗೆ ಕ್ರಿಯೋಸೋಟ್ ಎಂಬ ವಿಷದ ಟಾರೆಣ್ಣೆ ಕುಡಿಸಿರುತ್ತಾರೆ, ಮನೆಯೊಳಗೆ ಅದು ಸಲ್ಲದು. ಹಳೇ ಮನೆಗಳ ಬಣ್ಣ ಬಳಿದ ಬಾಗಿಲು, ಹಲಗೆಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದರಲ್ಲೂ 1960ರ ದಶಕಕ್ಕಿಂತ ಹಿಂದಿನವು. ಆ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಪುಡಿ ಇಡೀ ದೋಣಿಗೆ ಹರಡುತ್ತದೆ. ಮೊದಲು ಪರೀಕ್ಷೆಯ ಕಿಟ್ ತಂದು ನೋಡಿ. ನೆಲಕ್ಕೆ ಜೋಡಿಸುವ ಮರದ ಬಿಲ್ಲೆಗಳ, ಅಂದರೆ ಪಾರ್ಕೆಟ್ ತುಂಡುಗಳ ಹಿಂದೆ ಕಪ್ಪು ಡಾಂಬರಿನಂಥ ಅಂಟು ಇರುತ್ತದೆ. ಅದರಲ್ಲಿ ಕಲ್ನಾರು ಇರಬಹುದು.

ಇನ್ನು ಕುಟ್ಟೆ ಹುಳು. ಒಂದೂವರೆಯಿಂದ ಎರಡು ಮಿ.ಮೀ. ಅಗಲದ ದುಂಡು ತೂತು ಕಂಡ ಕೂಡಲೇ ಗಾಬರಿ ಬೇಡ, ಅದು ಹುಳು ಹೊರಗೆ ಹೋದ ದಾರಿ. ಹಲಗೆಯನ್ನು ಕಪ್ಪು ಕಾಗದದ ಮೇಲೆ ತಟ್ಟಿ. ತಿಳಿ ಬಣ್ಣದ ಹೊಸ ಪುಡಿ ಉದುರಿದರೆ ಒಳಗೆ ಇನ್ನೂ ಹುಳು ಇರಬಹುದು. ಅಂಥದ್ದನ್ನು ಬೋರಾನ್ ದ್ರಾವಣ ಹೊಡೆಯದೆ ದೋಣಿಗೆ ಹತ್ತಿಸಬೇಡಿ.

ಹಳೇ ಮರ ಒಣಗಿದ ಮರ ಅಲ್ಲ

ನಮ್ಮ ಕಡೆ ಹಳೇ ಮನೆ ಬಿಚ್ಚಿದಾಗ ತೇಗದ ಬಾಗಿಲು, ಹಲಸಿನ ಕಂಬಕ್ಕೆ ಜನ ಮುಗಿಬೀಳುತ್ತಾರೆ. ‘ಹಳೇ ಮರ ಕಣ್ರೀ, ಇನ್ನು ಅಲುಗಾಡಲ್ಲ’ ಅಂತ ಆಚಾರಿಗಳು ಹೇಳೋದನ್ನು ನೀವೂ ಕೇಳಿರಬಹುದು. ಆ ಮಾತು ಅರ್ಧ ನಿಜ. ನೂರು ವರ್ಷ ಮನೆಯೊಳಗೇ ಇದ್ದ ಕಂಬಕ್ಕೆ ಒಪ್ಪುತ್ತದೆ. ಆದರೆ ಮರ ಎಷ್ಟು ಹಳೆಯದಾದರೂ ಸುತ್ತಲಿನ ತೇವ ಹೀರುತ್ತದೆ, ಬಿಡುತ್ತದೆ. ಮಳೆಯಲ್ಲಿ ಬಿದ್ದಿದ್ದ ಸಾರುವೆ ಹಲಗೆಯಲ್ಲಿ ತೇವ 18-20% ಇರಬಹುದು. ಒಲೆ ಉರಿಯುವ ದೋಣಿಯೊಳಗೆ ಅದು 10%ರ ಆಸುಪಾಸಿಗೆ ಇಳಿಯುತ್ತದೆ.

ಲೆಕ್ಕ ಹಾಕೋಣ. ಪೈನ್, ಸ್ಪ್ರೂಸ್ ಜಾತಿಯ ಹಲಗೆ ತೇವ 1% ಇಳಿದರೆ ಅಗಲದಲ್ಲಿ ಸುಮಾರು 0.25% ಕುಗ್ಗುತ್ತದೆ. ಮರವನ್ನು ಹೇಗೆ ಕೊಯ್ದಿದ್ದಾರೆ ಅನ್ನೋದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. 8% ಇಳಿದರೆ ಅಗಲದಲ್ಲಿ 2% ಹೋಯಿತು. 225 ಮಿ.ಮೀ. ಹಲಗೆಯಲ್ಲಿ ಅದು ನಾಲ್ಕೂವರೆ ಮಿ.ಮೀ. ಹಲಗೆ ಹಲಗೆಯ ನಡುವೆ ಬೆರಳ ಉಗುರು ತೂರುವಷ್ಟು ಸಂದಿ. ಅದೇ ಹಲಗೆಯನ್ನು ಉದ್ದಕ್ಕೆ ಸೀಳಿ ಸುಮಾರು 70 ಮಿ.ಮೀ.ನ ಮೂರು ಪಟ್ಟಿ ಮಾಡಿದರೆ ಒಂದೊಂದು ಕುಗ್ಗೋದು ಒಂದೂವರೆ ಮಿ.ಮೀ. ಅಷ್ಟೇ. ಒಂದರ ಅಂಚಿನ ನಾಲಗೆ ಇನ್ನೊಂದರ ಗಾಡಿಯಲ್ಲಿ, ಅಂದರೆ ಅಂಚಿನ ಉದ್ದಕ್ಕೂ ಕೊರೆದ ತೋಡಿನಲ್ಲಿ, ಕೂರುವಂತೆ ಜೋಡಿಸಿದರೆ ಆ ಸಂದಿ ಕಣ್ಣಿಗೆ ಬೀಳೋದೇ ಇಲ್ಲ. ಹಳೇ ಕ್ಯಾಬಿನ್ನುಗಳಲ್ಲಿ ಕಿರಿದಾದ ನಾಲಗೆ-ಗಾಡಿ ಹಲಗೆ ಅಷ್ಟೊಂದು ಬಳಕೆಯಾಗಿದ್ದಕ್ಕೆ ಈ ಲೆಕ್ಕವೇ ಒಳ್ಳೆ ಸಮರ್ಥನೆ.

ಇದಕ್ಕೆ ಇರುವ ಮದ್ದು ಕಾಯೋದು. ಕೊಯ್ದ ಪಟ್ಟಿಗಳ ನಡುವೆ ರೀಪಿನ ತುಂಡು ಇಟ್ಟು, ಗಾಳಿಯಾಡುವಂತೆ ದೋಣಿಯೊಳಗೇ ಕೆಲವು ವಾರ ಜೋಡಿಸಿಡಿ. ಕೊಯ್ದ ಮೇಲೇ ಇಡಬೇಕು. ದಪ್ಪ ಹಲಗೆಯ ಹೊರಮೈ ಒಣಗಿದ್ದರೂ ಒಳಗೆ ತೇವ ಇರುತ್ತದೆ, ಸೀಳಿದ ಕೂಡಲೇ ಅದು ಬಾಗುತ್ತದೆ. ಬಾಗೋದೆಲ್ಲ ಬಾಗಲಿ, ಆಮೇಲೆ ಕೊನೆಯ ಸಲ ಪ್ಲೇನರ್ ಹೊಡೆಯಿರಿ. ತೇವ ಅಳೆಯುವ ಮೀಟರ್ ದುಬಾರಿಯದ್ದೇನಲ್ಲ, ಒಂದು ಕೊಳ್ಳಿ.

ತೂಕದ ಲೆಕ್ಕ

57 ಅಡಿಯ ದೋಣಿ ತಗೊಳ್ಳಿ. ಬಹುತೇಕ ಎಲ್ಲ ಕಾಲುವೆಗಳಲ್ಲೂ ಹೋಗಬಲ್ಲ ಉದ್ದ ಅಂತ ಹೆಸರಾದದ್ದು ಇದೇ. ಒಳಗಿನ ಕೋಣೆಗಳ ಉದ್ದ 12 ಮೀಟರ್ ಅಂದುಕೊಳ್ಳೋಣ. ಎರಡು ಗೋಡೆ, ಒಂದು ಚಾವಣಿ ಸೇರಿ ಸುಮಾರು 65 ಚದರ ಮೀಟರ್ ಹಲಗೆ ಬೇಕು. ಪೈನ್ ಮರದ ತೂಕ ಘನ ಮೀಟರಿಗೆ ಸುಮಾರು 500 ಕಿಲೋ. 38 ಮಿ.ಮೀ. ಸಾರುವೆ ಹಲಗೆಯನ್ನು ಹಾಗೇ ಹೊಡೆದರೆ 1,200 ಕಿಲೋ ದಾಟುತ್ತದೆ. 9 ಮಿ.ಮೀ.ಗೆ ಇಳಿಸಿದರೆ 300 ಕಿಲೋದೊಳಗೆ ಮುಗಿಯುತ್ತದೆ. ಹೆಚ್ಚುಕಡಿಮೆ ಒಂದು ಟನ್ ವ್ಯತ್ಯಾಸ! ಈ ಅಳತೆಯ ದೋಣಿ ಒಂದು ಟನ್ನಿಗೆ ಸುಮಾರು ಒಂದಿಂಚು ಹೆಚ್ಚು ಮುಳುಗುತ್ತದೆ. ಅದಕ್ಕಿಂತ ಮುಖ್ಯ, ಆ ತೂಕದಲ್ಲಿ ಒಳ್ಳೇ ಪಾಲು ಚಾವಣಿಯಲ್ಲಿ, ಗೋಡೆಯ ಮೇಲ್ಭಾಗದಲ್ಲಿ ಕೂರುತ್ತದೆ. ತೂಕ ಮೇಲಿದ್ದಷ್ಟೂ ದೋಣಿಯ ಓಲಾಟ ಜಾಸ್ತಿ.

38 ಮಿ.ಮೀ. ಹಲಗೆಯನ್ನು ಬ್ಯಾಂಡ್ ಗರಗಸದಲ್ಲಿ ದಪ್ಪದಲ್ಲಿ ಮೂರು ಸೀಳು ಮಾಡಿದರೆ, ಗರಗಸದ ಬಾಯಿಗೆ ಹೋಗೋದು ಕಳೆದು ಒಂದೊಂದು 11 ಮಿ.ಮೀ. ಉಳಿಯುತ್ತದೆ. ಪ್ಲೇನರ್ ಹೊಡೆದ ಮೇಲೆ 9. ಒಂದು ಹಲಗೆಗೆ ಕೊಟ್ಟ ದುಡ್ಡಿನಲ್ಲಿ ಮೂರು ಹಲಗೆ ಬಂತು, ಅಗಲವೂ ಉಳಿಯಿತು. ದಪ್ಪ ಹಲಗೆಯ ಚೆಲುವು ಬೇಕೇಬೇಕು ಅನ್ನುವವರು ಮೆಟ್ಟಿಲಿಗೋ ಊಟದ ಮೇಜಿಗೋ ಮಾತ್ರ ಇಟ್ಟುಕೊಳ್ಳಿ.

ಹೊಡೆಯುವ ಮುಂಚೆ

ಅಂಟು ಬೇಡ, ಸ್ಕ್ರೂ ಹಾಕಿ. ಹಲಗೆಯ ಹಿಂದೆ ವೈರು, ನೀರಿನ ಪೈಪು, ಗ್ಯಾಸ್ ಪೈಪು ಇರುತ್ತವೆ. ಒಂದಲ್ಲ ಒಂದು ದಿನ ಬಿಚ್ಚಲೇಬೇಕು. ಓಕ್ ಮರಕ್ಕೆ ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ ತೇವ ಸೇರಿ ಕಪ್ಪು ಕಲೆ ಇಳಿಯುತ್ತದೆ. ತುಕ್ಕು ಹಿಡಿಯದ ಸ್ಟೇನ್ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದ್ದೇ ಆಗಬೇಕು. ಹಿತ್ತಾಳೆ ಮೆತ್ತಗಿನದು, ಗಟ್ಟಿ ಮರದಲ್ಲಿ ಕುತ್ತಿಗೆ ಮುರಿಯುತ್ತದೆ. ಅದಕ್ಕೆ ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ತಿರುಗಿಸಿ ದಾರಿ ಮಾಡಿ, ತೆಗೆದು, ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕುತ್ತಾರೆ.

ಒಲೆಯ ಹತ್ತಿರ ಮಾತ್ರ ಯಾವ ರಾಜಿಯೂ ಬೇಡ. ಹಳೇ ಪೈನ್ ಒಣಗಿದರೆ ಒಳ್ಳೇ ಸೌದೆ. ಒಲೆಯ ಸುತ್ತ ಬೆಂಕಿ ಹತ್ತದ ಹಾಳೆ, ಅದರ ಹಿಂದೆ ಗಾಳಿಗೆ ಸಂದಿ, ಕೆಳಗೆ ಕಲ್ಲು ಅಥವಾ ಟೈಲ್ಸ್. ಎಷ್ಟು ದೂರ ಬಿಡಬೇಕು ಅನ್ನೋದನ್ನು ಒಲೆ ತಯಾರಿಸಿದವರ ಕೈಪಿಡಿಯಲ್ಲಿ ನೋಡಿ. ದೋಣಿಗಳ ಒಲೆಗಂತಲೇ ಬಿಎಸ್ 8511 ಎಂಬ ಬ್ರಿಟಿಷ್ ಮಾನದಂಡ ಇದೆ. ಗಾಳಿ ಬರೋಕೆ ಬಿಟ್ಟ ಜಾಗಗಳನ್ನು, ಬಾಗಿಲ ಕೆಳಗಿನ ಕಿಂಡಿ, ಚಾವಣಿಯ ಅಣಬೆ ಆಕಾರದ ವೆಂಟ್, ಚೆಂದಕ್ಕೆ ಅಂತ ಮುಚ್ಚಬೇಡಿ. ಒಲೆ ಉರಿಯುವ ಕೋಣೆಯಲ್ಲಿ ಗಾಳಿ ಕಡಿಮೆಯಾದರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಮಾಡಿಸಬೇಕಾದ ಬೋಟ್ ಸೇಫ್ಟಿ ಸ್ಕೀಮ್ ತಪಾಸಣೆಯಲ್ಲಿ ಗ್ಯಾಸ್, ವಿದ್ಯುತ್ತು, ಇಂಧನ ಎಲ್ಲ ನೋಡುತ್ತಾರೆ. ವಾಸದ ಕೋಣೆ ಇರುವ ದೋಣಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು ಅನ್ನುವ ನಿಯಮ 2019ರಲ್ಲಿ ಬಂತು.

ನೆಲದ ಪ್ಲೈವುಡ್ ಕೆಳಗೆ ಇಟ್ಟಿಗೆಯೋ ಕಾಂಕ್ರೀಟ್ ಚಪ್ಪಡಿಯೋ ಭಾರಕ್ಕೆಂದು ಇಟ್ಟಿರುತ್ತಾರೆ. ಗೋಡೆ, ಅಡುಗೆಮನೆ, ಹಾಸಿಗೆ ಎಲ್ಲ ಕೂತ ಮೇಲೆ ದೋಣಿ ಒಂದು ಕಡೆ ವಾಲೋದು ಮಾಮೂಲು. ಇರೋಕೋ ಹಲಗೆ ಪೈನ್‌ಗಿಂತ ಭಾರ, ಅದೆಲ್ಲ ಅಡುಗೆಮನೆಯ ಕಡೆಗೇ ಬಿದ್ದಿದ್ದರೆ ವಾಲು ಇನ್ನೂ ಜಾಸ್ತಿ. ಹಾಗಾಗಿ ನೆಲವನ್ನು ಪೂರ್ತಿ ಮುಚ್ಚಿ ಭದ್ರ ಮಾಡುವ ಮುಂಚೆ ನೀರಿನ ಟ್ಯಾಂಕು ತುಂಬಿಸಿ, ನಿಂತ ನೀರಿನಲ್ಲಿ ದೋಣಿಯ ಎರಡೂ ಪಕ್ಕದ ಎತ್ತರ ಅಳೆಯಿರಿ, ಇಟ್ಟಿಗೆಗಳನ್ನು ಆ ಕಡೆ ಈ ಕಡೆ ಸರಿಸಿ ಸಮ ಮಾಡಿ. ಆಮೇಲೂ ನೆಲದಲ್ಲಿ ಅಲ್ಲಲ್ಲಿ ಎತ್ತಬಹುದಾದ ಮುಚ್ಚಳ ಉಳಿಸಿಕೊಳ್ಳಿ, ಹಿಂಬದಿಯ ತಗ್ಗಿನಲ್ಲಿ ಒಂದಂತೂ ಇರಲೇಬೇಕು. ಒಳಗೆ ಎಲ್ಲಾದರೂ ನೀರು ಸೋರಿದರೆ ಮೊದಲು ಬಂದು ನಿಲ್ಲೋದು ಅಲ್ಲೇ.