ಪಿಎಸ್‌ಎ: ಬಿಡಿ ಎಷ್ಟು, ಬಂಧಿ ಎಷ್ಟು?

ರಕ್ತಪರೀಕ್ಷೆಯ ವರದಿಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್, ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುವ ಪ್ರೋಟೀನು) 6 ಎಂದು ಕಂಡರೆ ಮನೆಯವರಿಗೆಲ್ಲ ಗಾಬರಿ. ಆದರೆ ವಯಸ್ಸಿಗೆ ಹಿಗ್ಗಿದ ಪ್ರಾಸ್ಟೇಟ್ ಗ್ರಂಥಿಯಿಂದಲೂ, ಸೋಂಕಿನಿಂದಲೂ ಈ ಅಂಕಿ ಏರುತ್ತದೆ. ಮಿಲಿಲೀಟರಿಗೆ 4ರಿಂದ 10 ನ್ಯಾನೊಗ್ರಾಂ ನಡುವೆ ಇದ್ದಾಗ ಒಟ್ಟು ಮೊತ್ತವೊಂದನ್ನೇ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗದು. ಆಗ ಕೇಳಬೇಕಾದ್ದು, ರಕ್ತದಲ್ಲಿರುವ ಪಿಎಸ್‌ಎಯಲ್ಲಿ ಎಷ್ಟು ಪಾಲು ಬೇರೆ ಪ್ರೋಟೀನಿಗೆ ಸಿಕ್ಕಿಬೀಳದೆ ಬಿಡಿಯಾಗಿದೆ ಎಂದು.

ಪಿಎಸ್‌ಎ ಒಂದು ಪ್ರೋಟಿಯೇಸ್, ಪ್ರೋಟೀನನ್ನು ಕತ್ತರಿಸುವ ಕಿಣ್ವ. ಗಟ್ಟಿಯಾದ ವೀರ್ಯದಲ್ಲಿನ ಸೆಮಿನೊಜೆಲಿನ್ ಪ್ರೋಟೀನನ್ನು ತುಂಡರಿಸಿ ಅದನ್ನು ತೆಳುವಾಗಿಸುವುದು ಇದರ ಕೆಲಸ. ವೀರ್ಯದಲ್ಲಿ ಇದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು. ರಕ್ತಕ್ಕೆ ಸೋರಿದ ಕಿಣ್ವವನ್ನು ಹಿಡಿಯಲು ಅಲ್ಲಿ ಆಲ್ಫಾ-1-ಆಂಟಿಕೈಮೊಟ್ರಿಪ್ಸಿನ್, ಅಂದರೆ ಎಸಿಟಿ, ಎಂಬ ತಡೆಪ್ರೋಟೀನು ಕಾದಿರುತ್ತದೆ. ಹಿಡಿಯುವ ಬಗೆ ಬಲು ಸೊಗಸು: ಎಸಿಟಿ ತನ್ನದೊಂದು ಎಳೆಯನ್ನು ಗಾಳದ ಎರೆಯಂತೆ ಚಾಚುತ್ತದೆ, ಪಿಎಸ್‌ಎ ಅದನ್ನು ಕತ್ತರಿಸಹೋಗುತ್ತದೆ, ಕೆಲಸ ಅರ್ಧದಲ್ಲಿರುವಾಗಲೇ ಎಳೆ ಸರಕ್ಕನೆ ಎಸಿಟಿಯ ಒಡಲೊಳಗೆ ಸೇರಿಕೊಂಡು ಪಿಎಸ್‌ಎಯನ್ನು ಮತ್ತೊಂದು ತುದಿಗೆ ಎಳೆದೊಯ್ದು ನಜ್ಜುಗುಜ್ಜು ಮಾಡುತ್ತದೆ. ಆಲ್ಫಾ-2-ಮ್ಯಾಕ್ರೊಗ್ಲೋಬ್ಯುಲಿನ್ ಎಂಬ ಇನ್ನೊಂದು ತಡೆಪ್ರೋಟೀನು ಪಿಎಸ್‌ಎಯನ್ನು ಪೂರ್ತಿ ಮುಚ್ಚಿಬಿಡುವುದರಿಂದ ಆ ಪಾಲು ಸಾಮಾನ್ಯ ಪರೀಕ್ಷೆಗೆ ಸಿಗುವುದೇ ಇಲ್ಲ.

ಎರೆಗೆ ಬಾಯಿ ಹಾಕುವುದು ಚುರುಕಾದ ಪಿಎಸ್‌ಎ ಮಾತ್ರ. ಒಳಗೇ ತುಂಡಾದದ್ದು, ಇನ್ನೂ ಪಕ್ವವಾಗದ್ದು ಬಿಡಿಯಾಗಿಯೇ ಉಳಿಯುತ್ತದೆ. ಹಿಗ್ಗಿದ ಗ್ರಂಥಿಯಲ್ಲಿ ತುಂಡಾದದ್ದೇ ಹೆಚ್ಚು. ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಎಸಿಟಿಗೆ ಸಿಕ್ಕಿಬಿದ್ದ ಪಾಲು ಹೆಚ್ಚೆಂದು ಫಿನ್ಲೆಂಡಿನ ಉಲ್ಫ್-ಹೊಕಾನ್ ಸ್ಟೆನ್ಮನ್ ಅವರ ತಂಡ 1991ರಲ್ಲಿ ತೋರಿಸಿತು. ಒಟ್ಟು 6ರಲ್ಲಿ ಬಿಡಿ 0.6 ಇದ್ದರೆ ಶೇ. 10, ಬಿಡಿ 1.8 ಇದ್ದರೆ ಶೇ. 30. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 4ರಿಂದ 10ರ ನಡುವಿನವರ ಪೈಕಿ ಬಿಡಿ ಪಾಲು ಶೇ. 10 ಅಥವಾ ಕಡಿಮೆ ಇದ್ದಾಗ ಕ್ಯಾನ್ಸರ್ ಸಾಧ್ಯತೆ ಶೇ. 56, ಶೇ. 25 ಮೀರಿದಾಗ ಶೇ. 8. ಎಂಟು ಎಂದರೆ ಸೊನ್ನೆಯಲ್ಲ. ನಿರ್ಧಾರ ವೈದ್ಯರ ತಪಾಸಣೆ, ಎಂಆರ್‌ಐ, ಬಯಾಪ್ಸಿಯ ಜೊತೆಗೇ ಆಗಬೇಕು.

ಲೆಕ್ಕ ತಪ್ಪುವುದು ಬಹಳ ಸಲ ರಕ್ತ ತೆಗೆದ ಮೇಲೆ. ಬಿಡಿ ಪಿಎಸ್‌ಎ ಬೇಗ ಕೆಡುತ್ತದೆ, ಒಟ್ಟು ಮೊತ್ತ ಅಷ್ಟಾಗಿ ಇಳಿಯುವುದಿಲ್ಲ. ಹೀಗಾಗಿ ಕೊಳವೆ ಸಂಜೆವರೆಗೆ ಮೇಜಿನ ಮೇಲೆ ಕುಳಿತರೆ ಪಾಲು ಕುಗ್ಗಿ, ಇಲ್ಲದ ಅಪಾಯ ಕಾಣುತ್ತದೆ. ಮೂರು ಗಂಟೆಯೊಳಗೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಬೇರ್ಪಡಿಸಿ ಫ್ರಿಜ್ಜಿನಲ್ಲಿಡಬೇಕು, 24 ಗಂಟೆಯೊಳಗೆ ಪರೀಕ್ಷಿಸಲಾಗದಿದ್ದರೆ ಫ್ರೀಜ್ ಮಾಡಬೇಕು. ಒಟ್ಟು ಮತ್ತು ಬಿಡಿ ಎರಡನ್ನೂ ಒಂದೇ ಕಂಪನಿಯ ಕಿಟ್‌ನಲ್ಲಿ ಅಳೆಯುವುದು ಕಡ್ಡಾಯ. ಗುದದ್ವಾರದ ಮೂಲಕ ಗ್ರಂಥಿಯನ್ನು ಒತ್ತಿ ನೋಡಿದ ಕೂಡಲೇ ರಕ್ತ ತೆಗೆದರೆ ಬಿಡಿ ಪಾಲು ಉಬ್ಬಿರುತ್ತದೆ. ಬಿಡಿ ಪಿಎಸ್‌ಎ ಚಿಕ್ಕದು, ಮೂತ್ರಪಿಂಡ ಅದನ್ನು ಸೋಸುತ್ತದೆ. ಡಯಾಲಿಸಿಸ್‌ನಲ್ಲಿರುವವರಲ್ಲಿ ಅದು ಉಳಿದುಕೊಳ್ಳುವುದರಿಂದ ಅವರ ಅನುಪಾತವನ್ನು ನಂಬುವಂತಿಲ್ಲ. ಹಿಗ್ಗಿದ ಪ್ರಾಸ್ಟೇಟಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆ ಆರು ತಿಂಗಳಿಂದ ವರ್ಷದೊಳಗೆ ಒಟ್ಟು ಪಿಎಸ್‌ಎಯನ್ನು ಸುಮಾರು ಅರ್ಧಕ್ಕಿಳಿಸುತ್ತದೆ, ಅನುಪಾತವನ್ನು ಹೆಚ್ಚು ಅಲುಗಿಸುವುದಿಲ್ಲ. ಈ ಮಾತ್ರೆ ನುಂಗುತ್ತಿರುವವರು ಅದನ್ನು ವೈದ್ಯರಿಗೆ ಹೇಳದಿದ್ದರೆ, ನಿಜದಲ್ಲಿ 6 ಇರಬೇಕಾದ ಅಂಕಿ ವರದಿಯಲ್ಲಿ 3 ಎಂದು ಕಂಡು ಸಾಗಿಹೋಗುತ್ತದೆ.