ಎಕ್ಸೋಮ್ ವರದಿ ‘ನೆಗೆಟಿವ್’ ಬಂದರೂ ಕಿವುಡುತನ ವಂಶದ್ದಾಗಿರಬಹುದೇ?

ಪ್ರಶ್ನೆ: ಅಜ್ಜಿ, ಅಪ್ಪ, ಈಗ ಅಕ್ಕ, ಮೂವರಿಗೂ ಮಾತು ಕಲಿತ ಎಷ್ಟೋ ವರ್ಷದ ಮೇಲೆ ಕಿವಿ ಮಂದವಾಗುತ್ತ ಬಂತು. ಅಕ್ಕನ ಎಕ್ಸೋಮ್ ಪರೀಕ್ಷೆಯಲ್ಲಿ (ಡಿಎನ್‌ಎಯ ಪ್ರೋಟೀನ್ ಕಟ್ಟುವ ಭಾಗಗಳನ್ನು ಓದುವ ಪರೀಕ್ಷೆ) ಏನೂ ಸಿಗಲಿಲ್ಲ. ಮೈಕ್ರೋಆರ್‌ಎನ್‌ಎ ದೋಷವಿರಬಹುದೇ?

ಉತ್ತರ: ಇರಬಹುದು, ಆದರೆ ಬಲು ಅಪರೂಪ. ಆದರೂ ನಿಮ್ಮ ಮನೆಯ ಚಿತ್ರ ಅದಕ್ಕೆ ಹೊಂದುತ್ತದೆ. ತಲೆಮಾರು ತಪ್ಪದೆ, ಗಂಡು ಹೆಣ್ಣೆನ್ನದೆ, ನಿಧಾನಕ್ಕೆ ಹೆಚ್ಚುವ ಕಿವುಡುತನವೆಂದರೆ ಸಾಮಾನ್ಯವಾಗಿ ಪ್ರಬಲ ಆನುವಂಶಿಕತೆ, ಅಂದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ದೋಷ ಬಂದರೂ ಸಾಕು. ಸೋದರಸಂಬಂಧದ ಮದುವೆಯಿಂದ ಹೆಚ್ಚುವುದು ಬೇರೆ ಬಗೆಯದು, ಹೆಚ್ಚಾಗಿ ಹುಟ್ಟಿನಿಂದಲೇ ಇರುವಂಥದು.

ಮೈಕ್ರೋಆರ್‌ಎನ್‌ಎ ಎಂದರೆ ಪುಟ್ಟ ಆರ್‌ಎನ್‌ಎ ತುಣುಕು, ಅದು ಯಾವ ಪ್ರೋಟೀನನ್ನೂ ಕಟ್ಟುವುದಿಲ್ಲ. ಬೇರೆ ಜೀನ್‌ಗಳ ಸಂದೇಶಕ್ಕೆ ಅಂಟಿಕೊಂಡು ಅವುಗಳ ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತದೆ. ಒಳಕಿವಿಯಲ್ಲಿ ಸದ್ದನ್ನು ನರಸಂಕೇತವಾಗಿಸುವ ರೋಮಕೋಶಗಳಲ್ಲಿ ಈ ಕೆಲಸ ಮಾಡುವ ಒಂದು ಮೈಕ್ರೋಆರ್‌ಎನ್‌ಎ ಮಿರ್-96. ಇದರ ಉದ್ದ 23 ಅಕ್ಷರ (ಎ, ಸಿ, ಜಿಯಂಥ ರಾಸಾಯನಿಕ ಘಟಕಗಳು). ಯಾವ ಸಂದೇಶಕ್ಕೆ ಅಂಟಬೇಕೆಂದು ಮುಖ್ಯವಾಗಿ ನಿರ್ಧರಿಸುವುದು 2ರಿಂದ 8ನೆಯ ಅಕ್ಷರದವರೆಗಿನ ‘ಸೀಡ್’ ಭಾಗ. 2009ರಲ್ಲಿ ಸ್ಪೇನ್‌ನ ಎರಡು ಕುಟುಂಬಗಳಲ್ಲಿ ಸಿಕ್ಕಿದ್ದು ಇಲ್ಲಿನ ದೋಷವೇ: ಒಂದರಲ್ಲಿ 5ನೆಯ ಅಕ್ಷರ ಜಿ ಹೋಗಿ ಎ, ಇನ್ನೊಂದರಲ್ಲಿ 6ನೆಯ ಸಿ ಹೋಗಿ ಎ. ಅದೇ ವರ್ಷ ವರದಿಯಾದ ‘ಡಿಮಿನುಯೆಂಡೊ’ ಎಂಬ ಕಿವುಡು ಇಲಿ ತಳಿಯಲ್ಲಿ ಕೆಟ್ಟದ್ದು 7ನೆಯದು. ಒಂದಕ್ಷರ ಬದಲಾದರೆ ಪೆಟ್ಟು ಎರಡು ಕಡೆಯಿಂದ: ತಗ್ಗಬೇಕಾದ ಪ್ರೋಟೀನ್ ತಗ್ಗುವುದಿಲ್ಲ, ಸಂಬಂಧವಿಲ್ಲದ್ದು ತಗ್ಗುತ್ತದೆ. ಆ ಇಲಿಗಳಲ್ಲಿ ರೋಮಕೋಶಗಳು ಪೂರ್ತಿ ಬಲಿಯಲೇ ಇಲ್ಲ. ಹೊರ ರೋಮಕೋಶಗಳಿಗೆ ಬೇಕಾದ ಪ್ರೆಸ್ಟಿನ್ ಪ್ರೋಟೀನ್ ಕೂಡ ಕುಸಿದಿತ್ತು. 2012ರಲ್ಲಿ ಇಟಲಿಯ ಕುಟುಂಬವೊಂದರಲ್ಲಿ ಕಂಡದ್ದು ಬೇರೆ ರೀತಿ. ಮಿರ್-96 ಮೊದಲು ಹೇರ್‌ಪಿನ್‌ನಂತೆ ಮಡಚಿಕೊಂಡ ಉದ್ದ ಎಳೆಯಾಗಿ ತಯಾರಾಗುತ್ತದೆ; ಸೀಡ್ ಸರಿಯಿದ್ದರೂ ಆ ಮಡಿಕೆಯಲ್ಲಿ ಅದರ ಎದುರಿಗಿರುವ ಎಳೆಯಲ್ಲಿನ ಬದಲಾವಣೆಯಿಂದ ಮಿರ್-96ರ ಪ್ರಮಾಣವೇ ಇಳಿದಿತ್ತು.

ಎಕ್ಸೋಮ್‌ಗೆ ಇದು ತಪ್ಪಿಸಿಕೊಳ್ಳುವುದೇಕೆ? ಆ ಪರೀಕ್ಷೆಯ ಗುರಿ ಮುಖ್ಯವಾಗಿ ಪ್ರೋಟೀನ್ ಕಟ್ಟುವ ಭಾಗಗಳು. ಮೈಕ್ರೋಆರ್‌ಎನ್‌ಎ ಜೀನ್ ಕೆಲವು ಕಿಟ್‌ಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಇದ್ದರೂ ‘ಪ್ರೋಟೀನ್‌ಗೆ ಸಂಬಂಧವಿಲ್ಲ’ ಎಂದು ಸಾಫ್ಟ್‌ವೇರ್ ಅದನ್ನು ಸೋಸಿ ಬಿಡಬಹುದು. ಹಾಗಾಗಿ ಲ್ಯಾಬ್‌ಗೆ ನೇರವಾಗಿ ಕೇಳಿ: ‘ಎಂಐಆರ್96 (ಮಿರ್-96ರ ಜೀನ್) ಕವರ್ ಆಗಿದೆಯೇ? ಎಷ್ಟು ಡೆಪ್ತ್, ಅಂದರೆ ಅದನ್ನು ಎಷ್ಟು ಸಲ ಓದಲಾಗಿದೆ?’ ಆಗಿಲ್ಲದಿದ್ದರೆ ಪೂರ್ತಿ ಜೀನೋಮ್ ಪರೀಕ್ಷೆಗೆ ಹಣ ಸುರಿಯುವ ಮೊದಲು ಆ ಒಂದು ಜೀನನ್ನಷ್ಟೇ ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್ ಮಾಡಿಸಬಹುದು. ಈ ಮೈಕ್ರೋಆರ್‌ಎನ್‌ಎಯ ಹೇರ್‌ಪಿನ್ ರೂಪ ಬರೀ 78 ಅಕ್ಷರ, ಒಂದೇ ಪಿಸಿಆರ್ (ಡಿಎನ್‌ಎ ತುಣುಕಿನ ನಕಲು ಹೆಚ್ಚಿಸುವ ವಿಧಾನ) ತುಣುಕಿನಲ್ಲಿ ಮುಗಿಯುತ್ತದೆ. ಅಕ್ಕನ ಡಿಎನ್‌ಎ ಲ್ಯಾಬ್‌ನಲ್ಲಿ ಉಳಿದಿದ್ದರೆ ಮತ್ತೆ ರಕ್ತ ಕೊಡುವುದೂ ಬೇಡ.

ಬದಲಾವಣೆ ಸಿಕ್ಕಿತೆಂದು ತಕ್ಷಣ ತೀರ್ಮಾನಕ್ಕೆ ಬರಬೇಡಿ. ಅಪ್ಪನಲ್ಲೂ ಅದಿರಬೇಕು, ಕಿವಿ ಚೆನ್ನಾಗಿರುವ ಹಿರಿಯ ಸಂಬಂಧಿಕರಲ್ಲಿ ಇರಬಾರದು. ಕಿರಿಯರನ್ನು ಹೋಲಿಕೆಗೆ ಬಳಸಬೇಡಿ, ಅವರಿಗೆ ಮುಂದೆ ಶುರುವಾಗಬಹುದು. ದೋಷ ಖಚಿತವಾದರೆ ಅಕ್ಕನ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50.

ಚಿಕಿತ್ಸೆ? 2024ರಲ್ಲಿ ಆ 6ನೆಯ ಅಕ್ಷರದ ದೋಷವಿದ್ದ ವಯಸ್ಕ ಇಲಿಗಳ ಒಳಕಿವಿಗೆ ಜೀನ್ ಎಡಿಟಿಂಗ್ ಕೊಟ್ಟು ಶ್ರವಣಶಕ್ತಿ ಉಳಿಸಿದ ವರದಿ ಬಂತು. ಮನುಷ್ಯರಿಗೆ ಸದ್ಯಕ್ಕೆ ಹಿಯರಿಂಗ್ ಏಡ್, ಅದು ಸಾಲದಾದಾಗ ಕಾಕ್ಲಿಯರ್ ಇಂಪ್ಲಾಂಟ್. ವರದಿ ಬರುವವರೆಗೆ ಇವನ್ನು ಮುಂದೂಡಬೇಡಿ. ಮಕ್ಕಳು ಹುಟ್ಟಿದಾಗ ಓಎಇ ಪರೀಕ್ಷೆಯಲ್ಲಿ (ಒಳಕಿವಿ ಮರಳಿಸುವ ಸಣ್ಣ ಸದ್ದನ್ನು ಅಳೆಯುವುದು) ‘ಪಾಸ್’ ಆಗಿದ್ದರೂ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ.